ಆದಿನಾರಾಯಣಪ್ಪ ಬರೆದ ಊಟ

ದೊಡ್ಡಬೆಳವಂಗಲ ಹೋಬಳಿಯ ಹುಣಸೇಪಾಳ್ಯದ ಆದಿನಾರಾಯಣಪ್ಪನಿಗೆ ಆರು ಎಕರೆ ಹೊಲವಿತ್ತು, ಕೆರೆ ಕೆಳಗೆ ಅರ್ಧ ಎಕರೆ ಗದ್ದೆಯಿತ್ತು, ಒಂದು ಜೊತೆ ಎತ್ತಿತ್ತು. ಇಷ್ಟಿರುವ ಮನುಷ್ಯ ರಾಗಿ ಬೆಳೆದುಕೊಂಡು, ಸಂಜೆ ಅರಳಿಕಟ್ಟೆಯಲ್ಲಿ ಕೂತು ಮಂದಿಯ ಮೇಲೆ ಚಾಡಿ ಹೇಳಿಕೊಂಡು ಸುಖವಾಗಿರಬಹುದಿತ್ತು. ಆದರೆ ಚಿಕ್ಕಂದಿನಲ್ಲಿ ಅವನ ಅಪ್ಪ ಒಂದು ತಪ್ಪು ಮಾಡಿದ. ಮಗನನ್ನು ದೊಡ್ಡಬಳ್ಳಾಪುರದ ನೆಂಟರ ಮನೆಯಲ್ಲಿ ಬಿಟ್ಟು ಲೋವರ್ ಸೆಕೆಂಡರಿ ಪಾಸು ಮಾಡಿಸಿದ. ಹುಡುಗ ಊರಿಗೆ ಬರುವಾಗ ಒಂದು ಮಸಿ ಕುಡಿಕೆ, ಎರಡು ನಿಬ್ಬು, ಮತ್ತು ತನ್ನ ಬಗ್ಗೆ ತನಗೇ ತೀರದಂಥ ಒಂದು ಕುತೂಹಲ ಹೊತ್ತುಕೊಂಡು ಬಂದ.

ಬರೆಯುವವರು ಕತೆ ಬರೆಯುತ್ತಾರೆ, ಪದ ಕಟ್ಟುತ್ತಾರೆ. ಆದಿನಾರಾಯಣಪ್ಪ ಬರೆದದ್ದೆಲ್ಲ ತನ್ನ ವಿಷಯವೇ. ತಾನು ಯಾರು, ತನ್ನ ದೇವರು ಯಾರು, ಈ ಲೋಕದಲ್ಲಿ ಒಬ್ಬ ಮೇಲು ಒಬ್ಬ ಕೀಳು ಯಾಕಾದ, ಇದನ್ನು ನೋಡಿ ತನಗೆ ಎಷ್ಟು ನೋವಾಗುತ್ತದೆ, ಹೀಗೆ. ಅವನ ಮೊದಲ ಪ್ರಬಂಧದ ಹೆಸರು ‘ನಾನು ಯಾರು?’ ಹದಿನೆಂಟು ಪುಟ. ಬೆಂಗಳೂರಿನ ಒಂದು ಮಾಸಪತ್ರಿಕೆಗೆ ಕಳಿಸಿದ. ಸಂಪಾದಕರಿಂದ ಒಂದು ಕಾರ್ಡು ಬಂತು. ಹದಿನೆಂಟು ಪುಟ ಓದಿದರೂ ತಾವು ಯಾರೆಂಬುದು ತಿಳಿಯಲಿಲ್ಲ, ನಾಲ್ಕು ಪುಟದಲ್ಲಿ ಹೇಳಲು ಸಾಧ್ಯವೇ ನೋಡಿ ಎಂದು. ಅವನು ನಾಲ್ಕು ಪುಟಕ್ಕೆ ಇಳಿಸಿದ. ಅದು ಅಚ್ಚಾಯಿತು. ಅಂದಿನಿಂದ ಅವನು ಹೊಲಕ್ಕೆ ಹೋಗುವಾಗಲೂ ಕೋಟಿನ ಜೇಬಿನಲ್ಲಿ ಒಂದು ಹಾಳೆ ಇಟ್ಟುಕೊಂಡೇ ಹೋಗುತ್ತಿದ್ದ.

ಎರಡನೆಯದು ದೇವರ ಬಗ್ಗೆ. ಅವನ ಹೊಲದ ಬದುವಿನಲ್ಲಿ, ಹುಣಸೆಮರದ ಬುಡದಲ್ಲಿ ಮನೆದೇವರು ಮುನೇಶ್ವರನ ಕಲ್ಲಿತ್ತು. ಕಲ್ಲಿಗೆ ಎಣ್ಣೆ ಬಳಿದ ಮಾತ್ರಕ್ಕೆ ಅದು ನನ್ನನ್ನು ಕಾಯುತ್ತದೆಂದು ನಂಬಲು ನನ್ನ ಬುದ್ಧಿ ಒಪ್ಪುವುದಿಲ್ಲ ಎಂದು ಧೈರ್ಯವಾಗಿ ಬರೆದ. ಅದು ಅಚ್ಚಾದ ವಾರದಲ್ಲೇ ಎಡಗಡೆಯ ಎತ್ತು ಕುಂಟತೊಡಗಿತು. ಅವನ ತಾಯಿ ಅಮ್ಮಯಮ್ಮನಿಗೆ ಓದು ಬರುತ್ತಿರಲಿಲ್ಲ, ಆದರೆ ಮಗ ದೇವರಿಗೆ ಏನೋ ಅಂದು ಬೆಂಗಳೂರಿಗೆ ಕಳಿಸಿದ್ದಾನೆಂಬುದು ಹೇಗೋ ಕಿವಿಗೆ ಬಿದ್ದಿತ್ತು. ಕಾಲಿಗೆ ಮುಳ್ಳು ಚುಚ್ಚಿದೆ ಎಂದು ಆದಿನಾರಾಯಣಪ್ಪ ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ. ಮೂರನೇ ದಿನ ಹೊಲದಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಅವನೇ ಹೋಗಿ ಕಲ್ಲಿನ ಮುಂದೆ ಒಂದು ಕಾಯಿ ಒಡೆದು ಬಂದ. ಈ ಸಂಗತಿ ಅವನ ಯಾವ ಪ್ರಬಂಧದಲ್ಲೂ ಬರಲಿಲ್ಲ.

ಮೂರನೆಯದೇ ಅವನನ್ನು ಸಿಕ್ಕಿಸಿದ್ದು. ಅದು ಯುದ್ಧ ಮುಗಿದ ಮಾರನೇ ವರ್ಷ, ಸಾವಿರದ ಒಂಬೈನೂರ ನಲವತ್ತಾರು. ಅಸ್ಪೃಶ್ಯತೆ ಅಧರ್ಮ ಎಂದು ಒಂದು ಪ್ರಬಂಧ ಕಳಿಸಿದ್ದಕ್ಕೆ ಸಂಪಾದಕರು ಮತ್ತೊಂದು ಕಾರ್ಡು ಹಾಕಿದರು. ಅಧರ್ಮ ಎಂದು ತಿಂಗಳಿಗೆ ಹತ್ತು ಮಂದಿ ಬರೆಯುತ್ತಾರೆ, ನಮಗೆ ವಿಚಾರ ಸಾಕಾಗಿದೆ, ಅನುಭವ ಬೇಕು, ನಿಮ್ಮ ಮನೆಯಲ್ಲಿ ಸಹಪಂಕ್ತಿ ಭೋಜನದಂಥದ್ದು ಏನಾದರೂ ನಡೆದಿದ್ದರೆ ಬರೆದು ಕಳಿಸಿ ಎಂದು.

ಮನೆಯಲ್ಲಿ ಅಂಥದ್ದೇನೂ ನಡೆದಿರಲಿಲ್ಲ. ನಡೆಸೋಣ ಎಂದುಕೊಂಡು ಆದಿನಾರಾಯಣಪ್ಪ ಒಂದು ದಿನ ಕೋಟು ಹಾಕಿಕೊಂಡು ಕೇರಿಯ ಕಡೆಗೆ ಹೋದದ್ದು ನಿಜ. ಅವನ ಮನಸ್ಸಿನಲ್ಲಿದ್ದವನು ಮುನಿಸ್ವಾಮಿ. ಈ ಮುನಿಸ್ವಾಮಿ ಪಟಾಲಂ ಸೇರಿ ಅಸ್ಸಾಮಿನ ಆಚೆ ಮೂರು ವರ್ಷ ರಸ್ತೆ ಕಡಿದು ಬಂದವನು. ಹೋಗುವಾಗ ಆದಿನಾರಾಯಣಪ್ಪನನ್ನು ಕಂಡರೆ ‘ಬುದ್ಧೀ’ ಎಂದು ಬಗ್ಗುತ್ತಿದ್ದವನು ಬರುವಾಗ ಬೂಟು ಹಾಕಿಕೊಂಡು ಬಂದ, ‘ಗೌಡ್ರೇ’ ಅಂದ, ಬಗ್ಗಲಿಲ್ಲ. ಇಂಥವನನ್ನು ಊಟಕ್ಕೆ ಕರೆದರೆ ಪ್ರಬಂಧಕ್ಕೆ ಕಳೆ ಬರುತ್ತದೆ. ಕೇರಿಯ ತುದಿಯ ಹೊಂಗೆಮರದ ಕೆಳಗೆ ಅವನು ಸಿಕ್ಕಿಯೂ ಸಿಕ್ಕಿದ. ಆದಿನಾರಾಯಣಪ್ಪ ಗಂಟಲು ಸರಿಮಾಡಿಕೊಂಡು, ಈ ವರ್ಷ ಮಳೆ ಹೇಗೋ ಏನೋ ಅಂದ. ಮುನಿಸ್ವಾಮಿ, ಬಂದ್ರೆ ಬರ್ತದೆ ಅಂದ. ಅದೂ ಸರಿಯೇ ಎಂದು ಆದಿನಾರಾಯಣಪ್ಪ ಮನೆಗೆ ವಾಪಸಾದ.

ಆದರೆ ಮಾಡಬೇಕೆಂದು ಇತ್ತಲ್ಲ, ಅದೇನು ಕಡಿಮೆಯೇ. ಇವತ್ತಲ್ಲ ನಾಳೆ ಕರೆಯುವುದೇ, ನಾಳೆ ಬರೆಯುವುದನ್ನು ಇವತ್ತೇ ಬರೆದರೆ ತಪ್ಪೇನು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಕೂತು ಬರೆದ. ಹೆಸರು, ‘ಒಂದೇ ಸಾಲಿನ ಎರಡು ಎಲೆ’. ಅದರಲ್ಲಿ ಮುನಿಸ್ವಾಮಿ ಅವನ ಮನೆಯ ನಡುಮನೆಯಲ್ಲಿ ಅವನ ಪಕ್ಕದಲ್ಲೇ ಕೂತು ಸೊಗಡವರೆಕಾಯಿ ಸಾರಿನಲ್ಲಿ ಎರಡು ಮುದ್ದೆ ಉಣ್ಣುತ್ತಾನೆ. ತಾಯಿ ಅಮ್ಮಯಮ್ಮ ಸ್ವಂತ ಕೈಯಿಂದ ತುಪ್ಪ ಹಾಕುತ್ತಾಳೆ. ಹೆಂಡತಿ ಕದಿರಮ್ಮ ನಗುನಗುತ್ತಾ ಎರಡನೇ ಮುದ್ದೆ ಬಡಿಸುತ್ತಾಳೆ. ಮೊದಲ ತುತ್ತಿಗೇ ಮುನಿಸ್ವಾಮಿ ಗಳಗಳನೆ ಅಳುತ್ತಾನೆ, ಕಾಲಿಗೆ ಬೀಳುತ್ತಾನೆ, ಆದಿನಾರಾಯಣಪ್ಪ ಅವನನ್ನು ಎತ್ತಿ ಅಪ್ಪಿಕೊಳ್ಳುತ್ತಾನೆ. ಇಲ್ಲಿಗೆ ಬರುವಾಗ ಬರೆಯುತ್ತಿದ್ದವನಿಗೇ ಅಳು ಬಂದು ಮಸಿಯೆಲ್ಲ ಕಲಸಿಹೋಗಿ ಆ ಹಾಳೆಯನ್ನು ಎರಡನೇ ಸಲ ಬರೆಯಬೇಕಾಯಿತು.

ವೈಶಾಖದ ಸಂಚಿಕೆಯಲ್ಲಿ ಅದು ಬಂತು. ಮೆಚ್ಚಿ ಮೂರು ಕಾಗದ ಬಂದವು. ಮೂರನೆಯದು ದೊಡ್ಡಬಳ್ಳಾಪುರದ ವಾಚನಾಲಯದ ಕಾರ್ಯದರ್ಶಿ ಗಂಗಣ್ಣನವರದು. ಮುಂದಿನ ಭಾನುವಾರ ತಾವು ಬಂದು ಈ ಪ್ರಬಂಧವನ್ನು ಸಭೆಯಲ್ಲಿ ಓದಬೇಕು, ಹಾರ ಹಾಕಿ ಗೌರವಿಸುತ್ತೇವೆ ಎಂದಿತ್ತು. ಆದಿನಾರಾಯಣಪ್ಪನಿಗೆ ನಲವತ್ತೆರಡು ವರ್ಷವಾಗಿತ್ತು. ಮದುವೆಯಲ್ಲಿ ಬಿಟ್ಟರೆ ಅವನ ಕೊರಳಿಗೆ ಯಾರೂ ಹಾರ ಹಾಕಿರಲಿಲ್ಲ.

ಆ ಖುಷಿಯಲ್ಲಿ ಅವನು ಸಭೆಯ ಸುದ್ದಿಯನ್ನು ಊರಿಗೆಲ್ಲ ಹೇಳಿ, ಆರು ಪ್ರತಿ ತರಿಸಿ ಹಂಚಿದ. ಓದು ಬಾರದವರಿಗೆ ಹಂಚಿದ್ದೇ ಹೆಚ್ಚು. ಅವರಿಂದ ಅಪಾಯವಿಲ್ಲ, ಪುಸ್ತಕ ಹಿಡಿದು ಗೌರವದಿಂದ ನೋಡುತ್ತಾರೆ. ಒಂದು ಪ್ರತಿಯನ್ನು ಕೇರಿಯ ಹಿರಿಯ ಪಿಳ್ಳಪ್ಪನಿಗೆ ಕೊಟ್ಟ. ಪಿಳ್ಳಪ್ಪ ಊರಿನ ನೀರುಗಂಟಿ, ಕೆರೆಯ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಬಿಡುವವನು, ಮುನಿಸ್ವಾಮಿಗೆ ಹೆಣ್ಣು ಕೊಟ್ಟ ಮಾವ. ನಿನ್ನ ಅಳಿಯನ ಹೆಸರು ಅಚ್ಚಾಗಿದೆ, ಜೋಪಾನವಾಗಿ ಇಟ್ಟುಕೋ ಎಂದು ಗದ್ದೆಯ ಬದುವಿನಲ್ಲಿ ನಿಂತು ಕೊಟ್ಟ. ಕೇರಿಯಲ್ಲಿ ಒಬ್ಬರಿಗೂ ಅಕ್ಷರ ಬಾರದು ಎಂಬುದು ಅವನ ಲೆಕ್ಕ. ಪಟಾಲಮಿನಲ್ಲಿ ಕೋಲಾರದ ಕಡೆಯ ಒಬ್ಬ ಹವಾಲ್ದಾರ ಮುನಿಸ್ವಾಮಿಗೆ ಕನ್ನಡ ಓದಲು ಬರೆಯಲು ಕಲಿಸಿದ್ದಾನೆಂಬುದು ಇಡೀ ಊರಿಗೆ ಗೊತ್ತಿತ್ತು. ಊರಿನ ಏಕೈಕ ಲೇಖಕನಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ಪಿಳ್ಳಪ್ಪ ಅದನ್ನು ಟವಲಿನಲ್ಲಿ ಸುತ್ತಿಕೊಂಡು ಹೋಗಿ, ಸಂಜೆ ಕೇರಿಯವರನ್ನೆಲ್ಲ ಹೊಂಗೆಮರದ ಕೆಳಗೆ ಸೇರಿಸಿ, ಓದಪ್ಪ ಅಂತ ಅಳಿಯನ ಕೈಗೆ ಕೊಟ್ಟ. ಮುನಿಸ್ವಾಮಿಗೂ ಒಳಗೆ ಏನಿದೆಯೆಂದು ತಿಳಿಯದು. ನಿಂತುಕೊಂಡು, ಪಟಾಲಮಿನಲ್ಲಿ ಕಲಿತ ಹಾಗೆ ದೊಡ್ಡ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಓದುತ್ತಾ ಹೋದ. ತನ್ನ ಹೆಸರು ಬಂತು, ಜನ ಹಿಗ್ಗಿದರು. ಗೌಡರ ನಡುಮನೆ ಬಂತು, ಜನ ಸುಮ್ಮನಾದರು. ಮುದ್ದೆ ಬಂತು. ಆಮೇಲೆ ಮುನಿಸ್ವಾಮಿ ತಾನೇ ತನ್ನ ಬಾಯಿಂದಲೇ ತಾನು ಅತ್ತದ್ದನ್ನೂ ಕಾಲಿಗೆ ಬಿದ್ದದ್ದನ್ನೂ ಅಷ್ಟು ಮಂದಿಯ ಮುಂದೆ ಓದಿಬಿಟ್ಟ. ಓದುವ ರಭಸದಲ್ಲಿ ನಿಲ್ಲಿಸುವುದಕ್ಕೂ ಆಗಲಿಲ್ಲ.

ಇದು ನಗುವ ಸಂಗತಿಯಾಗಿರಲಿಲ್ಲ, ಯಾಕೆಂದರೆ ಮುನಿಸ್ವಾಮಿ ಪಟಾಲಮಿನಿಂದ ಬಂದ ಮೇಲೆ ಕೇರಿಯಲ್ಲಿ ಒಂದು ಕಟ್ಟು ಮಾಡಿಸಿದ್ದ. ಊರವರ ಮದುವೆಯಲ್ಲಿ ಎಲ್ಲರದೂ ಆದ ಮೇಲೆ ಹಿತ್ತಲಲ್ಲಿ ಪಾತ್ರೆ ಹಿಡಿದು ನಿಂತು ಉಳಿದದ್ದನ್ನು ತರುವುದು ಇನ್ನು ಬೇಡ, ಕರೆದು ಎಲೆ ಹಾಕಿದರೆ ಉಣ್ಣೋಣ, ಇಲ್ಲದಿದ್ದರೆ ನಮ್ಮ ಮನೆಯ ಅಂಬಲಿಯೇ ಸಾಕು ಎಂದು. ಬೂಂದಿಯೆಂದರೆ ಪ್ರಾಣ ಬಿಡುವ ಪಿಳ್ಳಪ್ಪನೇ ಮೊದಲು ಆಣೆ ಇಟ್ಟಿದ್ದ. ಆ ಬೇಸಿಗೆಯಲ್ಲಿ ಮೂರು ಮದುವೆಗೆ ಒಂದು ಪಾತ್ರೆಯೂ ಹಿತ್ತಲಿಗೆ ಹೋಗಿರಲಿಲ್ಲ. ಈಗ ಜನ ಏನೆನ್ನಬೇಕು? ನಮ್ಮನ್ನೆಲ್ಲ ತಡೆದು ಇವನೊಬ್ಬ ಕದ್ದು ಹೋಗಿ ಉಂಡು ಬಂದ, ಅದೂ ಅತ್ತು, ಅದೂ ಕಾಲಿಗೆ ಬಿದ್ದು, ಅಂದರು. ಅವನು ಇಲ್ಲ ಅಂದರೆ ಅಚ್ಚಾಗಿರುವುದು ಸುಳ್ಳಾಗುತ್ತದೆಯೇ ಅಂದರು. ಹೆಂಡತಿ ಮುನಿವೆಂಕಟಮ್ಮ ಕೂಡ, ಎರಡು ಮುದ್ದೆ ಉಂಡು ಬಂದ ದಿನ ಮನೆಯಲ್ಲಿ ಹಸಿವಿಲ್ಲ ಅಂದದ್ದು ಯಾವತ್ತು ಎಂದು ಲೆಕ್ಕ ಹಾಕತೊಡಗಿದಳು.

ಮಾರನೇ ಬೆಳಿಗ್ಗೆ ಮುನಿಸ್ವಾಮಿ ಪತ್ರಿಕೆಯನ್ನು ಸುರುಳಿ ಸುತ್ತಿಕೊಂಡು ಆದಿನಾರಾಯಣಪ್ಪನ ಜಗಲಿಯ ಮುಂದೆ ಬಂದು ನಿಂತ. ಆದಿನಾರಾಯಣಪ್ಪ ಆಗ ಭಾನುವಾರದ ಭಾಷಣಕ್ಕೆ ಮೊದಲ ವಾಕ್ಯ ಹುಡುಕುತ್ತಿದ್ದ.

“ಗೌಡ್ರೇ, ನಾನು ನಿಮ್ಮನೇಲಿ ಯಾವತ್ತು ಉಂಡೆ?” ಅಂದ ಮುನಿಸ್ವಾಮಿ.

ಆದಿನಾರಾಯಣಪ್ಪ ಸುರುಳಿಯನ್ನು ನೋಡಿದ, ಬಂದವನ ಮುಖ ನೋಡಿದ, ಎಲ್ಲ ಅರ್ಥವಾಯಿತು. ಅದು ಸಾಹಿತ್ಯ ಕಣಪ್ಪ, ಸಾಹಿತ್ಯದಲ್ಲಿ ಹಾಗೆಲ್ಲ ಬರೆಯುತ್ತಾರೆ ಎಂದು ಶುರುಮಾಡಿದ.

“ಸಾಹಿತ್ಯದಲ್ಲಿ ನೀವು ಬೇಕಾದ್ರೆ ಅತ್ಕೊಳ್ಳಿ. ಹೊರಳಾಡ್ಕೊಂಡು ಅಳಿ. ನನ್ನ ಯಾಕೆ ಅಳಿಸಿದ್ರಿ? ಗುಂಡು ಬೀಳೋ ಜಾಗದಲ್ಲಿ ಮೂರು ವರ್ಷ ಇದ್ದೋನು, ಅಲ್ಲಿ ಅಳಲಿಲ್ಲ ನಾನು. ನಿಮ್ಮನೆ ಮುದ್ದೆಗೆ ಅಳ್ತೀನಾ?”

ಮುನಿಸ್ವಾಮಿ ಕೇರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಪಾತ್ರೆ ಕಟ್ಟಿಟ್ಟವರು ಈಗ ಮತ್ತೆ ಪಾತ್ರೆ ತೆಗೆಯುತ್ತೇವೆ ಅನ್ನುತ್ತಿದ್ದಾರೆ, ನನ್ನ ಮಾತಿಗೆ ಬೆಲೆ ಹೋಯಿತು ಅಂದ. ಆಮೇಲೆ ಪತ್ರಿಕೆಯನ್ನು ಬಿಚ್ಚಿ ಬೆರಳಿಟ್ಟು ತೋರಿಸಿದ.

“ಇನ್ನೊಂದು. ಸಾರು ಬರ್ದಿದ್ದೀರಿ, ತುಪ್ಪ ಬರ್ದಿದ್ದೀರಿ. ಉಂಡ್ಮೇಲೆ ಎಲೆ ಯಾರು ತೆಗೆದ್ರು ಅಂತ ಬರ್ದಿಲ್ಲ. ನಮ್ಮ ಕೇರೀಲಿ ಎಲ್ರೂ ಮೊದಲು ಕೇಳಿದ್ದು ಅದನ್ನೇ.”

ಕೇಳದೆ ಇನ್ನೇನು. ಕೇರಿಯವರಿಗೆ ಊರವರ ಮನೆಯಲ್ಲಿ ಎಂದಾದರೂ ಊಟ ಹಾಕಿದರೆ ಅದು ದನದ ಹಟ್ಟಿಯ ಮೂಲೆಯಲ್ಲಿ, ಮತ್ತು ಉಂಡವನೇ ತನ್ನ ಎಂಜಲೆಲೆ ಎತ್ತಿ, ಕೂತ ಜಾಗವನ್ನು ಸಗಣಿ ಹಾಕಿ ಸಾರಿಸಿ ಹೋಗಬೇಕು. ಊರವರು ಉಂಡರೆ ಕೈ ತೊಳೆದು ಎದ್ದರಾಯಿತು. ಇಡೀ ಮೇಲು ಕೀಳು ಇರುವುದು ಆ ಎಲೆಯಲ್ಲಿ. ಊಟವನ್ನು ಯಾರು ಬೇಕಾದರೂ ಹಾಕಬಹುದು. ಆದಿನಾರಾಯಣಪ್ಪ ಇಷ್ಟು ಬರೆದರೂ ಎಲೆಯ ಕಡೆ ಮನಸ್ಸು ಹೋಗಿರಲಿಲ್ಲ. ಅವನು ನಲವತ್ತೆರಡು ವರ್ಷದಲ್ಲಿ ಒಂದು ಎಲೆ ಎತ್ತಿದವನಲ್ಲ. ತಾನು ಎದ್ದ ಮೇಲೆ ಎಲೆಗೆ ಏನಾಗುತ್ತದೆ ಎಂದು ಹಿಂದಿರುಗಿ ನೋಡಿದವನೂ ಅಲ್ಲ.

ಮುನಿಸ್ವಾಮಿ ಕೇಳಿದ್ದು ಇಷ್ಟೇ. ನಡೆದದ್ದನ್ನು ನಡೆದ ಹಾಗೆ ತಿದ್ದಿ ಬರೆಯಬೇಕು, ಶನಿವಾರ ಕೇರಿಗೆ ಬಂದು ಎಲ್ಲರ ಮುಂದೆ ಓದಬೇಕು, ಭಾನುವಾರ ದೊಡ್ಡಬಳ್ಳಾಪುರದಲ್ಲೂ ಅದನ್ನೇ ಓದಬೇಕು. ದೊಡ್ಡಬಳ್ಳಾಪುರ ಎಂದ ಕೂಡಲೇ ಆದಿನಾರಾಯಣಪ್ಪನ ಕೊರಳು ತಣ್ಣಗಾಯಿತು. ಹಾರ ಕಣ್ಣ ಮುಂದೆಯೇ ಬಾಡಿಹೋಯಿತು. ತಿದ್ದುವುದಕ್ಕಿಂತ ಉಣ್ಣಿಸುವುದೇ ಸುಲಭ ಅನ್ನಿಸಿ, ನೀನು ನಾಳೆಯೇ ಬಂದು ಊಟ ಮಾಡಿಬಿಡು, ಆಗ ಬರೆದದ್ದು ನಿಜವಾಗುತ್ತದೆ, ತಾರೀಖು ಮಾತ್ರ ತಪ್ಪು ಅಂದ.

ಮುನಿಸ್ವಾಮಿ ಪತ್ರಿಕೆಯನ್ನು ಮತ್ತೆ ಸುರುಳಿ ಸುತ್ತಿದ. “ಬರ್ತೀನಿ. ಕರೆದ್ರೆ ಉಣ್ತೀವಿ ಅಂತ ನಾನೇ ಹೇಳಿರೋನು, ಈಗ ಕರೀತಾ ಇದ್ದೀರಿ. ನಮ್ಮ ಮಾವನೂ ಬರ್ತಾನೆ, ಸಾಕ್ಷಿಗೆ. ಎಲೆ ಮಾತ್ರ ನಾವು ತೆಗೆಯಲ್ಲ. ಮತ್ತೆ, ನಾವು ಉಂಡ್ವಿ ಅಂತ ನೀವು ತಿದ್ದಿ ಬರೆಯೋದು ಬಿಡೋ ಹಾಗಿಲ್ಲ. ಅದು ಬೇರೆ, ಇದು ಬೇರೆ.”

ಹೀಗೆ ಒಂದು ಹೊರೆ ಇಳಿಸಲು ಹೋದವನ ತಲೆಯ ಮೇಲೆ ಎರಡು ಬಂದವು. ಮುನಿಸ್ವಾಮಿ ಅತ್ತ ಹೋದ ಕೂಡಲೇ ಬಾಗಿಲ ಮರೆಯಿಂದ ಕದಿರಮ್ಮ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಚ್ಚಿನಲ್ಲಿ ತಾನು ಏನೇನು ಮಾಡಿದ್ದೇನೆಂದು ಗಂಡನ ಬಾಯಿಂದ ಒಂದೊಂದಾಗಿ ಹೇಳಿಸಿದಳು.

“ವೈಶಾಖದಲ್ಲಿ ಸೊಗಡವರೆ ಎಲ್ಲಿ ಸಿಕ್ತು ನಂಗೆ?” ಅಂದಳು. ಅದು ಸಂಕ್ರಾಂತಿಗೆ ಮುಗಿದುಹೋಗುವ ಕಾಯಿ ಎಂಬುದು ಬೇಸಾಯಗಾರನಾದ ಅವನಿಗೆ ಆಗಲೇ ಹೊಳೆದದ್ದು. “ಅದಿರ್ಲಿ, ನಗ್ನಗ್ತಾ ಬಡಿಸಿದ್ನಾ? ನಿಮಗೇ ನಾನು ಯಾವತ್ತು ನಗ್ನಗ್ತಾ ಬಡಿಸಿದ್ದೀನಿ?”

ಅವನು ಸಮಾನತೆಯ ವಿಷಯ ತೆಗೆದ. ಅವಳು ಅದನ್ನು ಅರ್ಧದಲ್ಲೇ ನಿಲ್ಲಿಸಿ ತನ್ನ ತೀರ್ಮಾನ ಹೇಳಿದಳು. ಅಡಿಗೆ ಮಾಡುತ್ತೇನೆ, ಬಡಿಸುತ್ತೇನೆ, ಮನೆಗೆ ಬಂದವರಿಗೆ ಬಡಿಸುವುದರಲ್ಲಿ ನನಗೇನೂ ಕಡಿಮೆಯಾಗುವುದಿಲ್ಲ. ಎಲೆ ಮಾತ್ರ ಮುಟ್ಟುವುದಿಲ್ಲ. “ನೀವು ಹಾರ ಹಾಕಿಸ್ಕೊಳ್ತೀರಿ. ನಾಳೆ ಬಾವಿಕಟ್ಟೆ ಮೇಲೆ ಜವಾಬು ಹೇಳೋಳು ನಾನು. ಎಲೆ ಬರ್ದೋರೇ ತೆಗೀಲಿ.”

ಅಮ್ಮಯಮ್ಮನ ವಿಷಯ ಇನ್ನೂ ಚಿಕ್ಕದು. ತಾನು ತುಪ್ಪ ಹಾಕಿದೆನೆಂದು ಕೇಳಿ ಆಕೆಗೆ ಬಂದ ಸಿಟ್ಟು, ಕೇರಿಯವರು ನಡುಮನೆಗೆ ಬರುತ್ತಾರೆಂದು ಕೇಳಿದಾಗಲೂ ಬರಲಿಲ್ಲ. ಮಗನಿಗೇ ಹಾಕದೆ ಕೂಡಿಟ್ಟ ತುಪ್ಪ ಅದು. ಇವತ್ತೇ ನಲ್ಲೂರಿನ ಮಗಳ ಮನೆಗೆ ಹೊರಟೆ ಎಂದು ಗಂಟು ಕಟ್ಟಿದಳು. ಗಂಟು ಕಟ್ಟಿಯಾದ ಮೇಲೆ, ತಾನು ಹೋದರೆ ಇಲ್ಲಿ ಏನು ನಡೆಯಿತೆಂದು ಸರಿಯಾಗಿ ತಿಳಿಯುವುದಿಲ್ಲವಲ್ಲ ಅನ್ನಿಸಿತು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ದೇವರ ಕೋಣೆಯಲ್ಲಿ ಕೂತಳು, ಬಾಗಿಲನ್ನು ನಾಲ್ಕು ಬೆರಳು ತೆಗೆದಿಟ್ಟುಕೊಂಡು.

ಮಾರನೇ ಮಧ್ಯಾಹ್ನ ಮುತ್ತುಗದ ಎಲೆಗಳನ್ನು ಆದಿನಾರಾಯಣಪ್ಪನೇ ಹಾಕಿದ. ತನ್ನ ಎಲೆಗೂ ಮುನಿಸ್ವಾಮಿಯ ಎಲೆಗೂ ನಡುವೆ ಒಂದು ಮಾರು ಬಿಟ್ಟ. ನಾಚಿಕೆಯಾಗಿ ಹತ್ತಿರಕ್ಕೆ ಎಳೆದ. ತೀರಾ ಹತ್ತಿರವಾಯಿತೆಂದು ಒಂದು ಗೇಣು ಹಿಂದಕ್ಕೆ ಸರಿಸಿದ. ಒಲೆಯ ಹತ್ತಿರದಿಂದ ಕದಿರಮ್ಮ, ಎಲೆ ಹಾಕ್ತಿದ್ದೀರೋ ಪೈರು ನಾಟಿ ಮಾಡ್ತಿದ್ದೀರೋ ಅಂದಳು. ಎದುರು ಮನೆಯ ಆವಲಪ್ಪನಿಗೆ ಅದೇ ಹೊತ್ತಿಗೆ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುವ ತುರ್ತು ಕೆಲಸ ಬಿತ್ತು. ಅವನಿಗೆ ಸಹಾಯಕ್ಕೆಂದು ಇನ್ನು ಐದಾರು ಮಂದಿ ಬಂದರು.

ಮುನಿಸ್ವಾಮಿ ಬೂಟನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಬಂದ. ಪಿಳ್ಳಪ್ಪ ಹೊಸಿಲಿನ ಆಚೆ ನಿಂತೇಬಿಟ್ಟ. ಅರವತ್ತು ವರ್ಷದ ಅಭ್ಯಾಸ ಕಾಲನ್ನು ಹಿಡಿದುಕೊಂಡಿತ್ತು. ಬಾ ಮಾವ ಎಂದು ಅಳಿಯ ಕೈ ಹಿಡಿದು ಕರೆದ ಮೇಲೆ ದಾಟಿದ. ಕೂತವನು ಎಲೆ ನೋಡಲಿಲ್ಲ, ತಲೆಯೆತ್ತಿ ಸೂರನ್ನೇ ನೋಡತೊಡಗಿದ.

“ಬುದ್ಧೀ, ಈ ತೊಲೆ ನಮ್ಮಪ್ಪ ಹೊತ್ಕೊಂಡು ಬಂದಿದ್ದು. ಬಾಗಿಲ ತಂಕ ತಂದು ಇಳಿಸಿದ್ನಂತೆ. ಎಲ್ಲಿಗೆ ಹಾಕಿದ್ರೋ ಅಂತ ಸಾಯೋವರ್ಗೂ ಹೇಳ್ತಿದ್ದ. ಇಲ್ಲಿಗೆ ಹಾಕವ್ರೆ.”

ಆದಿನಾರಾಯಣಪ್ಪನೂ ತಲೆಯೆತ್ತಿ ನೋಡಿದ. ಹುಟ್ಟಿದ್ದು ಆ ತೊಲೆಯ ಕೆಳಗೆ, ತೊಟ್ಟಿಲು ಕಟ್ಟಿದ್ದು ಆ ತೊಲೆಗೆ, ‘ನಾನು ಯಾರು?’ ಎಂದು ಹದಿನೆಂಟು ಪುಟ ಬರೆದದ್ದೂ ಅದರ ಕೆಳಗೇ. ಅದನ್ನು ಯಾರು ತಂದರು ಎಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಸಂಕಟವಾಯಿತು, ಬರೆಯಬೇಕು ಅನ್ನಿಸದಂಥ ಸಂಕಟ.

ಹುರುಳಿಕಾಳಿನ ಸಾರು, ಮುದ್ದೆ. ಕದಿರಮ್ಮ ಮೊದಲ ಸಲ ನಿಂತುಕೊಂಡೇ ಮೇಲಿನಿಂದ ಸಾರು ಬಿಟ್ಟಳು. ಎರಡನೇ ಸಲ ಬಗ್ಗಿ ಬಡಿಸಿದಳು. ನಗಲಿಲ್ಲ. ಮುನಿಸ್ವಾಮಿ ಅಳಲಿಲ್ಲ. ಉಪ್ಪು ಸ್ವಲ್ಪ ಬೇಕು ತಾಯೀ ಅಂದ, ತಂದಿಟ್ಟಳು. ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ. ಪಿಳ್ಳಪ್ಪ ಮೂರನೇ ಮುದ್ದೆಯನ್ನೂ ಬೇಡವೆನ್ನಲಿಲ್ಲ. ಇಷ್ಟರ ಮಟ್ಟಿಗೆ ಊಟ ಸಾಂಗವಾಯಿತು. ಬಂದವರಿಬ್ಬರೂ ಎದ್ದು, ಕದಿರಮ್ಮ ಹೊರಗಿಟ್ಟಿದ್ದ ಚೊಂಬಿನ ನೀರಿನಲ್ಲಿ ಕೈ ತೊಳೆದು, ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು.

ನಡುಮನೆಯಲ್ಲಿ ಮೂರು ಎಂಜಲೆಲೆ ಉಳಿದವು. ಆವಲಪ್ಪನ ಹಗ್ಗ ನಿಂತಿತು. ದೇವರ ಕೋಣೆಯ ಬಾಗಿಲು ನಾಲ್ಕು ಬೆರಳಿನಿಂದ ಎಂಟು ಬೆರಳಾಯಿತು. ಕದಿರಮ್ಮ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಆದಿನಾರಾಯಣಪ್ಪ ಒಮ್ಮೆ ಹೆಂಡತಿಯ ಮುಖ ನೋಡಿದ, ಅಲ್ಲಿ ಏನೂ ಸಿಕ್ಕಲಿಲ್ಲ. ಜಗಲಿಯ ಕಡೆ ನೋಡಿದ, ಮುನಿಸ್ವಾಮಿ ಸುಣ್ಣ ಹಚ್ಚುತ್ತಾ ಇತ್ತಲೇ ನೋಡುತ್ತಿದ್ದ. ತೆಗೆದರೆ ಊರು ಏನನ್ನುತ್ತದೆ, ತೆಗೆಯದಿದ್ದರೆ ಇವನು ದೊಡ್ಡಬಳ್ಳಾಪುರಕ್ಕೇ ಬರುತ್ತಾನೆ. ಕೊನೆಗೆ ಬಗ್ಗಿದ. ಎಲೆಯನ್ನು ಒಳಮುಖಕ್ಕೆ ಮಡಿಸಬೇಕೋ ಹೊರಮುಖಕ್ಕೋ ತಿಳಿಯದೆ ತುದಿ ಹಿಡಿದು ಎತ್ತಿದ, ಸಾರು ಸುರಿದು ಅಂಚಿನ ಪಂಚೆ ಹುರುಳಿಕಾಳಿನ ಬಣ್ಣವಾಯಿತು. ಮುನಿಸ್ವಾಮಿಯದನ್ನು ಎತ್ತಿ, ಅದರ ಮೇಲೆ ಪಿಳ್ಳಪ್ಪನದನ್ನು ಎತ್ತಿ, ಎರಡನ್ನೂ ಎದೆಯ ಮುಂದೆ ಹಿಡಿದು ನಿಂತುಕೊಂಡ. ಎಲ್ಲಿಗೆ ಹಾಕಬೇಕೋ ಗೊತ್ತಿಲ್ಲ.

“ಎಲ್ಲಿ ಹಾಕ್ತೀರ ಇದನ್ನ?” ಎಂದು ತನ್ನ ಮನೆಯಲ್ಲಿ ತಾನೇ ಕೇಳಿದ.

ಹಿತ್ತಲ ತಿಪ್ಪೆಗೆ, ಅಂದಳು ಕದಿರಮ್ಮ. ಹಿತ್ತಲಿಗೆ ಹೋಗಲು ಅಡಿಗೆಮನೆ ದಾಟಬೇಕು. ಹಾಗೆ ದಾಟಿದರೆ ನಾನು ಇಲ್ಲೇ ಪ್ರಾಣ ಬಿಡುತ್ತೇನೆ ಎಂದು ದೇವರ ಕೋಣೆಯಿಂದ ದನಿ ಬಂತು. ಉಳಿದದ್ದು ಬೀದಿ. ಹುಣಸೇಪಾಳ್ಯದ ಪ್ರಬಂಧಕಾರ ಎರಡು ಎಂಜಲೆಲೆ ಹಿಡಿದುಕೊಂಡು ತಲೆಬಾಗಿಲಿನಿಂದ ಇಳಿದು, ಆವಲಪ್ಪನ ಮುಂದೆ ಹಾದು, ಎರಡು ಮನೆ ಬಳಸಿ ಹಿತ್ತಲಿಗೆ ಹೋದ. ಒಂದು ನಾಯಿ ಅವನ ಹಿಂದೆಯೇ ಹೋಯಿತು. ಅವನು ವಾಪಸು ಬರುವ ಹೊತ್ತಿಗೆ ನಡುಮನೆ ಚೊಕ್ಕಟವಾಗಿತ್ತು. ಪಿಳ್ಳಪ್ಪ ಎದ್ದು ಕೈಮುಗಿದ. ಮುನಿಸ್ವಾಮಿ ಬೂಟು ಹಾಕಿಕೊಂಡು, ಶನಿವಾರ ಕಾಯ್ತಿರ್ತೀವಿ ಗೌಡ್ರೇ ಅಂದು ಹೋದ.

ಆಮೇಲೆ ನಡೆದದ್ದರಲ್ಲಿ ನಗುವಂಥದ್ದು ಕಡಿಮೆ. ಸಂಜೆ ಬಾವಿಕಟ್ಟೆಯಲ್ಲಿ ಕದಿರಮ್ಮ ಹಗ್ಗ ಬಿಡುವಾಗ ಉಳಿದ ಹೆಂಗಸರು ಬಿಂದಿಗೆ ಎತ್ತಿಕೊಂಡು ದೂರ ನಿಂತರು. ಆವಲಪ್ಪ ತನ್ನ ಮಗಳ ನಿಶ್ಚಯಕ್ಕೆ ಕರೆಯಲಿಲ್ಲ. ಇದೆಲ್ಲ ಅವಳ ಪಾಲಿಗೆ ಬಂತು, ಅವಳು ಮನೆಗೆ ಬಂದು ನೀರಿಳಿಸಿ ಒಲೆ ಹಚ್ಚಿದಳು. ನಡುಮನೆಯಲ್ಲಿ ಕೂತು ಆದಿನಾರಾಯಣಪ್ಪ ಎರಡು ದಿನ ತಿದ್ದುಪಡಿ ಬರೆದ. ಮೊದಲ ಸಲ ಒಂಬತ್ತು ಪುಟವಾಯಿತು, ಅದರಲ್ಲಿ ಎಂಟು ಪುಟ ತನ್ನ ಪಶ್ಚಾತ್ತಾಪವೇ. ಹರಿದು ಹಾಕಿದ. ಮೂರನೇ ಸಲ ಒಂದೂವರೆ ಪುಟಕ್ಕೆ ಬಂದು ನಿಂತಿತು.

ಶನಿವಾರ ಹೊತ್ತು ಇಳಿಯುವಾಗ ಹೊಂಗೆಮರದ ಕೆಳಗೆ ಇಡೀ ಕೇರಿ ಸೇರಿತ್ತು. ಗಂಡಸರು ಕೂತಿದ್ದರು, ಹೆಂಗಸರು ಹಿಂದೆ ನಿಂತಿದ್ದರು. ಆದಿನಾರಾಯಣಪ್ಪ ಕೋಟಿನ ಜೇಬಿನಿಂದ ಹಾಳೆ ತೆಗೆದ. ದೊಡ್ಡಬಳ್ಳಾಪುರಕ್ಕೂ ಇದೇ ಹಾಳೆ, ಇನ್ನೊಂದಿಲ್ಲ ಎಂದು ಮುನಿಸ್ವಾಮಿಗೆ ಮೊದಲೇ ಹೇಳಿ ಓದಲು ಶುರುಮಾಡಿದ. ವೈಶಾಖದ ಸಂಚಿಕೆಯಲ್ಲಿ ನಾನು ಬರೆದ ಊಟ ನಡೆದಿರಲಿಲ್ಲ. ಕರೆಯಲು ಹೋಗಿ ಮಳೆಯ ವಿಷಯ ಮಾತಾಡಿ ಬಂದೆನು. ಆಮೇಲೆ ಅವರೇ ಬಂದು ಕೇಳಿದ್ದರಿಂದ ಕರೆದೆನು. ಮುನಿಸ್ವಾಮಿಯವರು ಅಳಲಿಲ್ಲ, ಕಾಲಿಗೆ ಬೀಳಲಿಲ್ಲ, ಉಪ್ಪು ಕೇಳಿದರು.

ಅಳಲಿಲ್ಲ ಅನ್ನುವುದನ್ನು ಇನ್ನೊಂದ್ಸಲ ಓದಿ ಬುದ್ಧೀ ಎಂದು ಪಿಳ್ಳಪ್ಪ ಕೇಳಿದ. ಅವನು ಓದಿದ. ಪಿಳ್ಳಪ್ಪ ತಿರುಗಿ ಜನರನ್ನೆಲ್ಲ ಒಂದು ಸುತ್ತು ನೋಡಿದ. ಪಾತ್ರೆ ತೆಗೆಯುತ್ತೇವೆ ಅಂದಿದ್ದವರು ನೆಲ ನೋಡಿದರು. ಮುನಿಸ್ವಾಮಿ ಕೈಕಟ್ಟಿಕೊಂಡು ಮರಕ್ಕೆ ಒರಗಿದ್ದ, ನಾಲ್ಕೈದು ದಿನದಿಂದ ಬಿಗಿದಿದ್ದ ಅವನ ಮುಖ ಸಡಿಲವಾಯಿತು. ಆದಿನಾರಾಯಣಪ್ಪನಿಗೂ ಧೈರ್ಯ ಬಂತು. ಮುಂದಿನ ಸಾಲು ಅವನಿಗೆ ಬಹಳ ಇಷ್ಟವಾದದ್ದು. ಸಭೆಯಲ್ಲಿ ಇಷ್ಟು ತಪ್ಪೊಪ್ಪಿಕೊಂಡ ಮೇಲೂ ಹಾರ ಬಿದ್ದರೆ ಆ ಸಾಲಿಗೇ ಬೀಳಬೇಕು. ದನಿ ತಗ್ಗಿಸಿ ಓದಿದ.

“ಊಟವಾದ ಮೇಲೆ ಮುನಿಸ್ವಾಮಿ ಮತ್ತು ಪಿಳ್ಳಪ್ಪನವರ ಎಲೆಗಳನ್ನು ನಾನು ಪ್ರೀತಿಯಿಂದ ತೆಗೆದೆನು.”

“ಪ್ರೀತಿಯಿಂದಲಾ?” ಅಂದ ಮುನಿಸ್ವಾಮಿ.

ಆದಿನಾರಾಯಣಪ್ಪ ಹಾಳೆಯಲ್ಲಿ ಆ ಪದವನ್ನು ಮತ್ತೊಮ್ಮೆ ನೋಡಿದ.

“ಜಗಲಿ ಮೇಲಿಂದ ನೋಡ್ತಾ ಇದ್ದೆ ಗೌಡ್ರೇ. ಎಲೆಗೆ ಬಗ್ಗೋಕೆ ಮುಂಚೆ ಯಾರಾದ್ರೂ ಬೇಡ ಅಂತಾರಾ ಅಂತ ಎಲ್ರ ಮುಖಾನೂ ನೋಡಿದ್ರಿ.” ಅವನ ಮಾತಿನಲ್ಲಿ ಹಂಗಿಸುವುದೇನೂ ಇರಲಿಲ್ಲ. ಅಂಗಿಯ ಜೇಬಿನಿಂದ ಪಟಾಲಮಿನ ಕಾಲದ ಒಂದು ಗಿಡ್ಡ ಪೆನ್ಸಿಲ್ ತೆಗೆದು ಮುಂದಕ್ಕೆ ಹಿಡಿದ.

ಆದಿನಾರಾಯಣಪ್ಪ ಪೆನ್ಸಿಲ್ ತೆಗೆದುಕೊಂಡ. ಪ್ರೀತಿಯಿಂದ ಎಂಬುದನ್ನು ಹೊಡೆದುಹಾಕಲು ಅವನಿಗೆ ಸಾಕಷ್ಟು ಹೊತ್ತು ಹಿಡಿಯಿತು. ಅದರ ಮೇಲೆ ಚಿಕ್ಕದಾಗಿ ‘ಹೆದರಿಕೊಂಡು’ ಎಂದು ಬರೆದು, ಸಾಲನ್ನು ಮೊದಲಿನಿಂದ ಓದಿದ. ಎಲೆಗಳನ್ನು ನಾನು ಹೆದರಿಕೊಂಡು ತೆಗೆದೆನು. ಎಷ್ಟೋ ವರ್ಷದಿಂದ ತನ್ನ ಬಗ್ಗೆ ಬರೆಯುತ್ತಿದ್ದವನು ತನ್ನ ಬಗ್ಗೆ ಬರೆದದ್ದು ಇದೇ ಮೊದಲು ಎಂದು ಅವನಿಗೇ ಗೊತ್ತಾಯಿತು.

“ಹೂಂ, ಇದು ನಡೆದಿದ್ದು. ಮುಂದಕ್ಕೆ ಓದಪ್ಪ,” ಅಂದ ಪಿಳ್ಳಪ್ಪ.

ಆದಿನಾರಾಯಣಪ್ಪ ಓದಿದ. “ನನ್ನ ಎಲೆಯನ್ನು ಯಾವತ್ತಿನ ಹಾಗೆ ನನ್ನ ಹೆಂಡತಿ ತೆಗೆದಳು. ಅದು ನನಗೆ ತಿಳಿದದ್ದು ಮಾರನೇ ದಿನ.”

ಈ ಸಾಲು ಕೇಳಿ ಕೂತಿದ್ದ ಗಂಡಸರು ಮುಂದಿನ ಸಾಲಿಗೆ ಕಾದರು. ಹಿಂದೆ ನಿಂತಿದ್ದ ಹೆಂಗಸರು ನಕ್ಕರು.